ಕಾಲ ಮೇಲೆ ನಿಲ್ಲುವವರೆಗೆ

ಲಕ್ಷ್ಮೀಪುರಂ, ಮೈಸೂರು
ಸೆಪ್ಟೆಂಬರ್ ೧೯೨೨

ಪೂಜ್ಯ ಭಾವ ಲೂರ್ದುಸ್ವಾಮಿಯವರಿಗೆ ನಿಮ್ಮ ತಮ್ಮನ ಹೆಂಡತಿ ಕ್ಯಾಥರೀನ್ ಮಾಡುವ ಸ್ತೋತ್ರ.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನೀವು ಪತ್ರಿಕೆ ಬಿಡಿಸಿ ಲೋಕವನ್ನೆಲ್ಲ ಹಂಚಿಕೊಟ್ಟಿರಿ. ಮಹಾಯುದ್ಧದಲ್ಲಿ ಸೋತ ತುರ್ಕರ ಸೀಮೆಯಲ್ಲಿ ಸಿರಿಯಾ ಫ್ರೆಂಚರಿಗಂತೆ, ಪ್ಯಾಲೆಸ್ತೀನ್ ಇಂಗ್ಲಿಷರಿಗಂತೆ. "ಕಿತ್ಕೊಂಡಿದ್ದಲ್ಲ ಕಣ್ರೀ, ಆ ಜನ ತಮ್ಮ ಕಾಲ ಮೇಲೆ ನಿಲ್ಲೋವರ್ಗೂ ನೋಡ್ಕೊಳ್ಳೋದು ಅಷ್ಟೆ" ಎಂದಿರಿ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಗಂಡನನ್ನು ಹೂತ ಸೀಮೆಯ ಹೆಸರು ಕೇಳಿ ಅಳುತ್ತಿದ್ದಾಳೆಂದು ಎಲ್ಲರೂ ಮರುಗಿದರು. ನನಗೆ ಬಂದಿದ್ದು ನಗು.

ನಿಮ್ಮ ತಮ್ಮ ದಂಡಿನ ಕುದುರೆಗಳ ಜೊತೆ ಪ್ಯಾಲೆಸ್ತೀನಿಗೆ ಹೋಗಿ ಅಲ್ಲೇ ತೀರಿಕೊಂಡ ಸುದ್ದಿ ಬಂದ ವಾರವೇ ನೀವು ಈ ಮನೆಯ ಬೀಗದ ಕೈ ತೆಗೆದುಕೊಂಡಿರಿ. "ನೀನು ನಿನ್ನ ಕಾಲ ಮೇಲೆ ನಿಲ್ಲೋವರ್ಗೂ ನಾನು ನೋಡ್ಕೋತೀನಿ ಕಣಮ್ಮ" ಎಂದಿರಿ. ಅಂದಿನಿಂದ ನಡುಮನೆಯಲ್ಲಿ ನಿಮ್ಮ ಹುರುಳಿ ಮೂಟೆ, ಜಗಲಿಯಲ್ಲಿ ನಿಮ್ಮ ಸ್ನೇಹಿತರ ಇಸ್ಪೀಟು, ಒಲೆಯ ಪಕ್ಕದಲ್ಲಿ ನನ್ನ ಚಾಪೆ. ನಾನು ನಿಂತೆನೋ ಇಲ್ಲವೋ ಎಂದು ತೀರ್ಮಾನಿಸುವವರು ಒಳಗೆ ಕೂತವರೇ. ಇಂಗ್ಲಿಷರು ಇದನ್ನು ನಿಮ್ಮಿಂದಲೇ ಕಲಿತಿರಬೇಕು.

ಇವತ್ತು ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದ್ದೇನೆ. ಹಳೆಯ ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ, ನೋಡಿಕೊಳ್ಳುವುದಕ್ಕೆ ನಿಮಗೂ ಏನಾದರೂ ಬೇಕಲ್ಲ. ಮೂಟೆಗಳನ್ನು ಜಗಲಿಗೆ ಹಾಕಿಸಿದ್ದೇನೆ, ಇಸ್ಪೀಟಿನ ಎಲೆಗಳು ಅವುಗಳ ಮೇಲಿವೆ. ಮಳೆ ಬರುವ ಮುಂಚೆ ಗಾಡಿ ಕಳುಹಿಸಿ. ನೀವೇ ಬರುವುದಾದರೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಯಾರ ಕಾಲ ಮೇಲೆ ಎಂದು ನೋಡಿಕೊಂಡು ಹೋಗಿ.

ಇಂತಿ,
ಇನ್ನಾಸಿಮುತ್ತುವಿನ ಹೆಂಡತಿ
ಕ್ಯಾಥರೀನ್