‘ವೋಲ್ಟು ಇಳಿಸಿ’ ಎಂದದ್ದು ಯಾವ ಸೀಮೆಯ ಅಪರಾಧ?

ಆರೋಗ್ಯ ಇಲಾಖೆಯ ಪರವಾಗಿ ನೋಟಿಸಿಗೆ ಸಹಿ ಹಾಕಿದ ಮಾನ್ಯರೇ,

ಪೊರಿರುವಾದ ನಮ್ಮ ಬೀದಿಯ ಡೈರಿಯಲ್ಲಿ ಕೌಂಟರು ನೋಡಿಕೊಳ್ಳುವ ಚಂಪಾ, ಗಿರಾಕಿಯೊಬ್ಬನಿಗೆ ವೇಪ್ ಎಂಬ ಇ-ಸಿಗರೇಟಿನ ಬಗ್ಗೆ ‘ಸಲಹೆ’ ಕೊಟ್ಟಳೆಂದು ತಾವು ನೋಟಿಸು ಕಳಿಸಿದ್ದೀರಿ. ಆ ಗಿರಾಕಿ ನಾನೇ. ಆ ಸಲಹೆ ‘ವೋಲ್ಟು ಇಳಿಸಿ’ ಎಂಬ ಎರಡು ಪದ. ಡೈರಿ ಎಂದರೆ ನಾನೀಗಿರುವ ಈ ಹೊರದೇಶದಲ್ಲಿ ಹಾಲು, ಬ್ರೆಡ್ಡು ಮಾರುವ ಮೂಲೆ ಅಂಗಡಿ. ಇದು ಈ ಪತ್ರವನ್ನು ಪತ್ರಿಕೆಯಲ್ಲಿ ಓದುವ ನಮ್ಮ ಊರಿನವರಿಗೆ ಹೇಳಿದ್ದು, ತಮಗಲ್ಲ. ನೋಟಿಸಿನ ಕೆಳಗೆ ಯಾವ ಭಾಷೆಯಲ್ಲಾದರೂ ಉತ್ತರಿಸಬಹುದು ಎಂದು ತಾವೇ ಅಚ್ಚು ಹಾಕಿಸಿದ್ದೀರಿ. ಉತ್ತರಿಸುತ್ತಿದ್ದೇನೆ, ಭಾಷಾಂತರಕ್ಕೆ ಕೊಡಿ.

ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ. ನಾನು ಹರಿಹರದಲ್ಲಿ ನಲವತ್ತು ವರ್ಷ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡಿದವನು. ನಮ್ಮ ಕಡೆ ಸಂಜೆಯಾದರೆ ವೋಲ್ಟೇಜು ಬೀಳುತ್ತಿತ್ತು. ವೋಲ್ಟೇಜು ಬಿದ್ದರೂ ಮೋಟಾರು ನೀರು ಎತ್ತಲೇಬೇಕಲ್ಲ, ಹೆಚ್ಚು ಕರೆಂಟು ಎಳೆದು ಒಳಗಿನ ಕಾಯಿಲು ಕರಕಲಾಗುತ್ತಿತ್ತು. ಸುಟ್ಟ ವಾಸನೆ ಬಂತೆಂದರೆ ವೋಲ್ಟೇಜು ಸಾಲದು ಎಂದೇ ಅರ್ಥ. ಈ ಪಾಠ ನನ್ನ ತಲೆಯಲ್ಲಲ್ಲ, ಕೈಯಲ್ಲಿ ಕೂತಿದೆ.

ಸಿಗರೇಟು ಬಿಡಲೆಂದು ಮಗಳು ತಾರಾ, ಹತ್ತಿ ಹೀರಿದ ದ್ರವವನ್ನು ಕಾಯಿಲಿನಿಂದ ಕಾಯಿಸಿ ಹಬೆ ಮಾಡುವ ವೇಪ್ ತಂದುಕೊಟ್ಟಳು. ನಾಲ್ಕನೇ ದಿನ ಗಂಟಲಲ್ಲಿ ಸುಟ್ಟ ಹತ್ತಿಯ ರುಚಿ. ನನ್ನ ಕೈ ಸುಮ್ಮನಿರುತ್ತದೆಯೇ? ವೋಲ್ಟು ಏರಿಸಿದೆ. ಇನ್ನೂ ಸುಟ್ಟಿತು, ಇನ್ನೂ ಏರಿಸಿದೆ. ಮೂರು ಕಾಯಿಲು ಹಾಳು ಮಾಡಿ, ಇದು ದರಿದ್ರ ಯಂತ್ರವೆಂದು ಬೈದು, ಸಿಗರೇಟು ಕೇಳಲು ಡೈರಿಗೆ ಹೋದೆ. ಉಸಿರೆಳೆದರೆ ಎದೆ ಸಿಳ್ಳೆ ಹೊಡೆಯುತ್ತಿದ್ದರೂ ಹೋದೆ, ಅದಕ್ಕೆ ಇಂದಿಗೂ ನಾಚಿಕೆಯಿದೆ.

ಚಂಪಾ ಮೈಸೂರಿನವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಸಿಗರೇಟಿಗೆ ಕೈ ಹಾಕುವ ಮುಂಚೆ, ವೇಪ್ ಏನಾಯಿತೆಂದು ಕೇಳಿದಳು. ನಾನು ನನ್ನ ಪ್ರತಾಪ ವಿವರಿಸಿದೆ. ಅವಳು ಕಾಯಿಲಿನ ಪೆಟ್ಟಿಗೆ ತಿರುಗಿಸಿ ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟಳು: ಒಂದು ದಶಮಾಂಶ ಎರಡು ಓಮ್, ಹತ್ತರಿಂದ ಹದಿಮೂರು ವ್ಯಾಟ್.

“ಅಂಕಲ್, ಇದು ಪಂಪ್‌ಸೆಟ್ಟಲ್ಲ, ಬರೀ ಕಾಯಿಸೋ ತಂತಿ. ನೀವು ನಾಲ್ಕು ಪಾಯಿಂಟ್ ಎಂಟಕ್ಕೆ ಇಟ್ಟಿದ್ದೀರ, ಹತ್ತೊಂಬತ್ತು ವ್ಯಾಟ್ ಹೋಗ್ತಿದೆ. ವೋಲ್ಟು ಇಳಿಸಿ.”

ನಾನು ತಲೆ ಚಚ್ಚಿಕೊಂಡೆ. ಇಸ್ತ್ರಿಪೆಟ್ಟಿಗೆಯ ಜಾತಿಯನ್ನು ಮೋಟಾರಿನ ಜಾತಿ ಎಂದುಕೊಂಡಿದ್ದೆನಲ್ಲ! ವೋಲ್ಟು ಇಮ್ಮಡಿಯಾದರೆ ಕಾವು ನಾಲ್ಕು ಪಟ್ಟು, ಓಮ್ ಕಡಿಮೆಯಿದ್ದಷ್ಟೂ ಇನ್ನೂ ಬೇಗ ಬಿಸಿ. ಹೊಸ ಕಾಯಿಲು ಹಾಕಿ, ಹತ್ತಿ ದ್ರವ ಹೀರುವ ತನಕ ಹತ್ತು ನಿಮಿಷ ಕಾದು, ಮೂರು ಪಾಯಿಂಟ್ ಆರಕ್ಕೆ ಇಟ್ಟೆ. ಸುಡಲಿಲ್ಲ. ಅಂದಿನಿಂದ ಇಂದಿಗೆ ಎಪ್ಪತ್ತನಾಲ್ಕು ದಿನ, ಒಂದೂ ಸಿಗರೇಟು ಮುಟ್ಟಿಲ್ಲ.

ಅಂದು ಡೈರಿಯಲ್ಲಿ ನನ್ನ ಹಿಂದೆಯೇ ತಮ್ಮ ತಪಾಸಣಾಧಿಕಾರಿ ನಿಂತಿದ್ದರು. ಏನು ಹೇಳಿದಿರೆಂದು ಚಂಪಾಳನ್ನು ವಿಚಾರಿಸಿದರು. ಅವರಿಗೆ ಕನ್ನಡ ಬಾರದು. ಹವಾಮಾನದ ಮಾತಾಡಿದೆವು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ತನ್ನ ಅಪರಾಧವನ್ನು ತಾನೇ ಇಂಗ್ಲಿಷಿಗೆ ಅನುವಾದಿಸಿಕೊಟ್ಟಳು. ಯಾಕಮ್ಮ ಹೇಳಿದೆ ಎಂದು ಆಮೇಲೆ ಗದರಿದೆ. “ಹೇಳಿದ್ದು ಸರಿಯಾಗೇ ಇತ್ತಲ್ಲ ಅಂಕಲ್. ಯಾಕೆ ಮುಚ್ಚಿಡ್ಲಿ?” ಎಂದಳು. ಮಾನ್ಯರೇ, ಇಂಥವಳ ಮೇಲೆ ನೋಟಿಸು ಬರೆಯುವಾಗ ತಮ್ಮ ಪೆನ್ನಿನ ಶಾಯಿ ಹೇಗೆ ಹರಿಯಿತು?

ತಮ್ಮ ನಿಯಮ ನಾನು ಓದಿದ್ದೇನೆ. ಡೈರಿ ವೇಪ್ ಮಾರಬಹುದು, ಅದರ ಬಗ್ಗೆ ಸಲಹೆ ಕೊಡುವಂತಿಲ್ಲ. ರಸ್ತೆ ದಾಟಿದರೆ ವೇಪ್‌ಗೆಂದೇ ಇರುವ ಅಂಗಡಿಯಿದೆ, ಅಲ್ಲಿ ಕೊಡಬಹುದು. ಅಂದರೆ ಅದೇ ಮಾತು ರಸ್ತೆಯ ಆ ಬದಿಯಲ್ಲಿ ಸೇವೆ, ಈ ಬದಿಯಲ್ಲಿ ಅಪರಾಧ! ಮಕ್ಕಳನ್ನು ಈ ಚಟದಿಂದ ದೂರವಿಡುವುದು ತಮ್ಮ ಉದ್ದೇಶವಂತೆ. ಒಪ್ಪಿದೆ, ನನ್ನ ಮೊಮ್ಮಗಳು ಇದನ್ನು ಮುಟ್ಟಿದರೆ ನಾನೇ ಕೈ ಮುರಿಯುತ್ತೇನೆ. ಆದರೆ ಅರವತ್ತೆಂಟು ವರ್ಷದ ಮುದುಕ ತನ್ನ ಗಂಟಲನ್ನು ತಾನೇ ಸುಟ್ಟುಕೊಳ್ಳುತ್ತಿರುವಾಗ ಚಂಪಾ ಬಾಯಿಗೆ ಬೀಗ ಹಾಕಿಕೊಂಡು ಸಿಗರೇಟು ಪ್ಯಾಕು ಎತ್ತಿಕೊಟ್ಟಿದ್ದರೆ ಕಾನೂನು ಸಂತೋಷಪಡುತ್ತಿತ್ತೇ? ಹೌದು, ಆಗ ನೋಟಿಸು ಬರುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯ ಮಾಲೀಕ ಲೋಹಿತ್ ಕೆಟ್ಟವನಲ್ಲ, ಹೆದರಿದ್ದಾನೆ. ನೋಟಿಸು ಇತ್ಯರ್ಥವಾಗುವ ತನಕ ಕೆಲಸಕ್ಕೆ ಬರಬೇಡವೆಂದು ಚಂಪಾಳಿಗೆ ಹೇಳಿದ್ದಾನೆ. ಅವಳ ವೀಸಾ ಆ ಅಂಗಡಿಗೇ ಅಂಟಿಕೊಂಡಿದೆ. ಕೆಲಸ ಹೋದರೆ ದೇಶವೂ ಹೋಯಿತು. ತಮಗಿದು ಒಂದು ಕಡತ, ಅವಳಿಗೆ ಇಡೀ ಬದುಕು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಈ ತಿಂಗಳೊಳಗೆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದಿ ಹೇಳುವುದು ಅಪರಾಧವಲ್ಲವೆಂದು ಬರೆದು ಕೊಡಿ. ಅಲ್ಲಿಯವರೆಗೆ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಡೈರಿಯ ಮುಂದಿನ ಫುಟ್‌ಪಾತಿನಲ್ಲಿ ಮಲ್ಟಿಮೀಟರು ಹಿಡಿದು ನಿಂತಿರುತ್ತೇನೆ. ಸಿಗರೇಟು ಬಿಡಲು ಹೊರಟು ನನ್ನ ಹಾಗೆ ಕಾಯಿಲು ಸುಟ್ಟುಕೊಂಡವರಿಗೆ ಚಂಪಾ ಹೇಳಿದ್ದನ್ನೇ ಹೇಳುತ್ತೇನೆ, ಏನನ್ನೂ ಮಾರುವುದಿಲ್ಲ. ಅದೂ ತಪ್ಪಾದರೆ ಇನ್ನೊಂದು ನೋಟಿಸು ಬರೆಯಿರಿ. ಈ ಸಲ ಅದರಲ್ಲಿ ಅವಳ ಹೆಸರು ಬೇಡ, ನನ್ನ ಹೆಸರಿರಲಿ.

ಇಂತಿ,
ನಲವತ್ತು ವರ್ಷ ಕಾಯಿಲು ಸುತ್ತಿಯೂ ಮೂರು ಕಾಯಿಲು ಸುಟ್ಟವನು, ಎಪ್ಪತ್ತೈದನೇ ದಿನದ ಹೊಸ್ತಿಲಲ್ಲಿರುವವನು,
ರಾಮಮೂರ್ತಿ, ಪೊರಿರುವಾ