ತಳ ಹಿಡಿದ ಅನ್ನದ ಹೆಸರು

ಮಾರ್ಚ್ ೧೧, ಮಂಗಳವಾರ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮುಷ್ಕರ ಹೂಡಿದೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ನೀನು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಕಣ್ಣು ಮಂಜಾಗಿದೆ ಅಂತ ಫೋನಿನಲ್ಲಿ ನೆಪ ಹೇಳಿದೆ. ಕಣ್ಣಿಗೇನೂ ಆಗಿಲ್ಲ. ಬರೆಯುವ ಧೈರ್ಯ ಇರಲಿಲ್ಲ, ಅಷ್ಟೆ.

ಮಿಲ್ಲಿನ ಕ್ಯಾಂಟೀನಿನ ಮಾತುಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತೇನೆ ಅಂತ ನೀನು ಅಂದಾಗ ನಾನು ನಕ್ಕಿದ್ದೆ. ತಟ್ಟೆ ತೊಳೆಯುವವರ ಮಾತಿಗೂ ಪುಸ್ತಕವೇ ಅಂತ. ನಿನ್ನ ಪಟ್ಟಿ ಓದುತ್ತಾ ಹೋದಂತೆ ಆ ಉದ್ದನೆಯ ಬೆಂಚು, ಆ ಗದ್ದಲ, ಗೋಡೆಯ ಎಣ್ಣೆ ಜಿಡ್ಡು ಎಲ್ಲ ಕಣ್ಣ ಮುಂದೆ ಬಂತು. ನೀನು ಬರೆದದ್ದರಲ್ಲಿ ಹೆಚ್ಚಿನದು ಸರಿಯಾಗಿಯೇ ಇದೆ.

‘ಕನ್ನಡಿ’ ಅಂದರೆ ನೀರಾದ ಸೂಪು, ಹೌದು. ಆ ಹೆಸರಿಟ್ಟವನು ನೂಲು ವಿಭಾಗದ ಬೋಳುತಲೆಯವನು. ಬಟ್ಟಲೊಳಗೆ ಬಗ್ಗಿ ನೋಡಿ, ಇಲ್ಲದ ಕೂದಲನ್ನು ಬಾಚಿಕೊಂಡ. ‘ಮಾವ’ ಅಂದರೆ ಎಷ್ಟು ನೆನೆಸಿದರೂ ಮೆತ್ತಗಾಗದ ಒಣ ಬ್ರೆಡ್ಡು. ಅದನ್ನು ಹೇಳಿದವನ ಮಾವ ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ, ಪಾಪ. ‘ನೆಂಟರು’ ನಿನ್ನ ಪಟ್ಟಿಯಲ್ಲಿಲ್ಲ, ಸೇರಿಸಿಕೋ. ನಿನ್ನೆ ಉಳಿದು, ಇವತ್ತೂ ತೀರದೆ, ನಾಳೆಯೂ ಬರುವ ಆಲೂಗಡ್ಡೆ.

ಇನ್ನು ನಿನ್ನ ಪಟ್ಟಿಯ ಕೊನೆಯ ಮಾತು. ‘ಆಮೇಲೆ: ತಳ ಹಿಡಿದ ಅನ್ನ. ಏನು ಕೇಳಿದರೂ ಆಮೇಲೆ ಅನ್ನುತ್ತಿದ್ದ ಒಬ್ಬ ಸೋಮಾರಿ ಅಡುಗೆಯವನ ಅಡ್ಡಹೆಸರಿನಿಂದ ಬಂದದ್ದು.’ ಗೇಟು ಕಾಯುತ್ತಿದ್ದ ಮುದುಕ ಹೇಳಿದ ಅಂತ ಬರೆದಿದ್ದೀಯ. ಅವನನ್ನು ದೂರುವುದಿಲ್ಲ, ಎಲ್ಲರೂ ಅಂದದ್ದನ್ನೇ ಅವನೂ ಅಂದ.

ಇದನ್ನು ಹೀಗೇ ಅಚ್ಚು ಹಾಕಿಸಬೇಡ ಮಗಳೇ. ಆ ಅಡುಗೆಯವರು ನಿನ್ನ ಅಪ್ಪ.

ಮಿಲ್ಲಿನ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು, ಜ್ವರ ಬಂದು ಹೋದರು ಅಂತ ನಾನು ಹೇಳಿಕೊಂಡು ಬಂದದ್ದು ಸುಳ್ಳು. ನಿನಗಾಗ ಒಂದೂವರೆ ವರ್ಷ. ಅವರು ಅಡುಗೆಮನೆಯಲ್ಲಿ, ನಾನು ಬಡಿಸುವ ಕಿಟಕಿಯಲ್ಲಿ. ನಾನೂರು ಜನಕ್ಕೆ ಅನ್ನ ಬೇಯುತ್ತಿದ್ದುದು ಒಂದೇ ಹಂಡೆಯಲ್ಲಿ, ಕುಕ್ಕರಿನ ಹಾಗೆ ಹಬೆ ಕಟ್ಟುವಂಥದ್ದು, ನಮ್ಮ ಎದೆಯೆತ್ತರ. ಒಳಗೆಷ್ಟು ಹಬೆ ಇದೆ ಅಂತ ತೋರಿಸಲು ಮುಚ್ಚಳದ ಮೇಲೆ ಒಂದು ಮುಳ್ಳಿತ್ತು. ಅದು ಕೆಟ್ಟುಹೋಗಿ, ಹಬೆ ತುಂಬಿದ್ದಾಗಲೂ ಸೊನ್ನೆಯಲ್ಲೇ ನಿಲ್ಲುತ್ತಿತ್ತು. ಬದಲಾಯಿಸಿ ಕೊಡಿ ಅಂತ ನಿಮ್ಮಪ್ಪ ಮ್ಯಾನೇಜರಿಗೆ ಮೂರು ಅರ್ಜಿ ಬರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅದಕ್ಕೆ ಅವರೇ ಒಂದು ಉಪಾಯ ಮಾಡಿಕೊಂಡರು. ಉರಿ ಆರಿಸಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಸುವುದು. ಬಟ್ಟೆ ಹಬೆಯಾಡುವುದು ಪೂರ್ತಿ ನಿಂತ ಮೇಲೆಯೇ ಕೊಂಡಿ ಬಿಚ್ಚುವುದು. ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು, ಅಷ್ಟರಲ್ಲಿ ಒಲೆಯ ಕಾವಿಗೇ ಅನ್ನ ತಳ ಹಿಡಿಯುತ್ತಿತ್ತು. ಊಟಕ್ಕೆ ಬಿಡುತ್ತಿದ್ದುದೇ ಅರ್ಧ ಗಂಟೆ. ಹಸಿದವರು ತಟ್ಟೆ ಬಡಿದರೆ ಇವರದು ಒಂದೇ ಮಾತು, ಆಮೇಲೆ. ಯಾಕೆ ಅಂತ ಬಿಡಿಸಿ ಹೇಳಬಾರದೇ? ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಅನ್ನುವ ಮನುಷ್ಯ. ಹಾಗೆ ಅವರಿಗೆ ಆ ಹೆಸರು ಬಿತ್ತು, ಅವರಿಂದ ತಳದ ಅನ್ನಕ್ಕೂ. ಅದು ಕೊನೆಗೆ ಬಂದವರ ಪಾಲು. ಎಲ್ಲರದೂ ಮುಗಿದ ಮೇಲೆ ಉಳಿದ ಕರಕಲನ್ನು ಅವರು ನಿಂತುಕೊಂಡೇ ತಿನ್ನುತ್ತಿದ್ದರು.

ಒಂದು ದಿನ ಬಟ್ಟೆ ಇನ್ನೂ ಹಬೆಯಾಡುತ್ತಿರುವಾಗಲೇ ಅವರು ಕೊಂಡಿ ಬಿಚ್ಚಿದರು. ಮುಚ್ಚಳ ಸೂರಿಗೆ ಹಾರಿತು. ಕುದಿಯುವ ಅನ್ನ, ನೀರು ಎಲ್ಲ ಅವರ ಮುಖಕ್ಕೆ, ಎದೆಗೆ. ಮೂರು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದರು. ನಿನ್ನನ್ನು ಕರೆತರುತ್ತೇನೆ ಅಂದರೆ ಬೇಡ, ಹೆದರಿಕೊಳ್ಳುತ್ತಾಳೆ ಅಂದರು.

ವಿಚಾರಣೆಗೆ ಬಂದ ಅಧಿಕಾರಿಗೆ ಮ್ಯಾನೇಜರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ‘ಯಾವಾಗ್ಲೂ ತಡ ಸಾರ್, ಬೇಕಾದ್ರೆ ಯಾರನ್ನಾದ್ರೂ ಕೇಳಿ, ಅವನ ಹೆಸರೇ ಆಮೇಲೆ ಅಂತ. ತಡ ಮಾಡ್ಕೊಂಡು ಕೊನೆಗೆ ಅವಸರಪಟ್ಟ.’ ಅರ್ಜಿಗಳು ಕಡತದಲ್ಲಿ ಸಿಗಲಿಲ್ಲ. ಅಡ್ಡಹೆಸರೇ ಸಾಕ್ಷಿಯಾಯಿತು. ಸ್ವಂತ ಅಜಾಗರೂಕತೆ ಅಂತ ಬರೆದುಕೊಂಡು ಹೋದರು. ಮುಂದಿನ ವಾರವೇ ಹೊಸ ಮುಳ್ಳು ಬಂತು.

ಅದಕ್ಕೇ ಕೇಳುತ್ತಿದ್ದೇನೆ, ‘ಸೋಮಾರಿ’ ಅನ್ನುವ ಮಾತನ್ನು ಹೊಡೆದುಹಾಕು. ಹಂಡೆ ಕೆಟ್ಟಿತ್ತು, ಯಾರಿಗೂ ಏನೂ ಆಗಬಾರದು ಅಂತ ಕಾಯುತ್ತಿದ್ದರು ಅಂತ ಬರೆ. ಅವರ ಪರವಾಗಿ ಎಲ್ಲೂ ಒಂದಕ್ಷರ ಇಲ್ಲ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಕೆಲಸ ಕೆಲಸ ಅಂತ ಹೊಟ್ಟೆಗೆ ಮೋಸ ಮಾಡಬೇಡ. ನೂರು ಕಾಲ ತಣ್ಣಗಿರು.

ನಿನ್ನ ಅಮ್ಮ

ತಾ.ಕ.: ಅಷ್ಟು ಕಾಯುವ ಮನುಷ್ಯ ಅವತ್ತೊಂದು ದಿನ ಯಾಕೆ ಕಾಯಲಿಲ್ಲ ಅಂತ ನೀನು ಕೇಳೇ ಕೇಳುತ್ತೀಯ. ಕಾಗದ ಮಡಚಿ ಇಟ್ಟವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನನ್ನನ್ನೂ ‘ಆಮೇಲೆಯ ಹೆಂಡತಿ’ ಅಂತ ಕರೆಯತೊಡಗಿದ್ದರು. ನನಗೆ ನಾಚಿಕೆ. ಅವತ್ತು ತಟ್ಟೆ ಬಡಿತ ಕೇಳಿ ಕೇಳಿ ತಲೆ ಕೆಟ್ಟು, ಎಲ್ಲರ ಮುಂದೆ ಕಿಟಕಿಯಿಂದ ಕೂಗಿದೆ. ‘ರೀ ಆಮೇಲೆ, ಗಂಡಸಾಗಿದ್ರೆ ಇವತ್ತೊಂದಿನ ಈಗ ಅನ್ರೀ.’ ಅದುವರೆಗೆ ಅವರನ್ನು ಆ ಹೆಸರಿನಿಂದ ಕರೆಯದೆ ಇದ್ದವಳು ನಾನೊಬ್ಬಳೇ. ಸಾಲಿಗೆ ಸಾಲೇ ನಕ್ಕಿತು. ಅವರು ನನ್ನನ್ನು ಒಂದು ಸಲ ನೋಡಿದರು. ‘ಆಯ್ತು, ಈಗ’ ಅಂದು ಕೊಂಡಿಗೆ ಕೈ ಹಾಕಿದರು. ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಪುಸ್ತಕದಲ್ಲಿ ಇದನ್ನೂ ಹಾಕುತ್ತೀಯಾದರೆ ಹಾಕು, ನಾನು ಬೇಡ ಅನ್ನುವುದಿಲ್ಲ.