ಹೊಸ್ತಿಲಿಲ್ಲದ ಹೋಟೆಲು

ಕೊಚ್ಚಿ, ಗುರುವಾರ

ಅಕ್ಕನಿಗೆ ನಮಸ್ಕಾರಗಳು.

ಗಾಲಿಕುರ್ಚಿಯ ಸಮೇತ ಎತ್ತಿಸಿಕೊಳ್ಳುವುದಾದರೆ ಪ್ರವಾಸವೇ ಬೇಡವೆಂದಿದ್ದೆಯಲ್ಲ. ಆದ್ದರಿಂದ ಮಗಳು ಪ್ರತೀಕ್ಷಾ ಆರಿಸಿದ ಹೊಸ ಹೋಟೆಲನ್ನು ನಾನೇ ಪರೀಕ್ಷಿಸಿದೆ. ಹಳೆಯ ಮೆಣಸಿನ ಗೋದಾಮನ್ನು ಬಹು ಸುಂದರವಾಗಿ ಮಾರ್ಪಡಿಸಿದ್ದಾರೆ. ಮೂಟೆಗಳ ಕೈಗಾಡಿಗಾಗಿ ಇದ್ದ ಇಳಿಜಾರುಗಳನ್ನು ಉಳಿಸಿಕೊಂಡಿರುವುದರಿಂದ ಕೋಣೆಯಿಂದ ಹಿನ್ನೀರಿನವರೆಗೆ ಒಂದು ಹೊಸ್ತಿಲೂ ಇಲ್ಲ. ಅವರದೇ ಗಾಲಿಕುರ್ಚಿಯನ್ನು ಕೇಳಿ ಪಡೆದು, ಅದರಲ್ಲಿ ಕುಳಿತು, ಚಕ್ರಗಳನ್ನು ನಾನೇ ತಿರುಗಿಸುತ್ತ ಹೊರಟೆ.

“ಅಪ್ಪಾ, ಎಲ್ರೂ ನೋಡ್ತಿದ್ದಾರೆ, ಏಳಿ!” ಎಂದು ಮಗಳು ಗದರಿದಳು.

“ನೋಡಲಿ. ನೀನು ಮಾತ್ರ ಕುರ್ಚಿ ಮುಟ್ಟಬೇಡ” ಎಂದೆ.

ನೀರಿನ ಅಂಚಿನವರೆಗೂ ಯಾರ ಕೈಯೂ ಬೇಕಾಗಲಿಲ್ಲ. ಆರೋಗ್ಯವಾಗಿದ್ದೇನೆ, ಅಂಗೈ ಮಾತ್ರ ಕೆಂಪಾಗಿದೆ. ಆ ಕುರ್ಚಿಯ ಎತ್ತರದಿಂದ ಹಿನ್ನೀರು ಹೇಗೆ ಕಾಣುತ್ತದೆಂಬುದನ್ನು ನಾನು ಬರೆಯುವುದಿಲ್ಲ. ನೀನೇ ಬಂದು ನೋಡಬೇಕು.

ತಮ್ಮ,
ನಿತ್ಯಾನಂದ